ಒಂದು ಬೊಚ್ಚುಬಾಯಿಗೆ ಎರಡು ಹಾಲುಹಲ್ಲು

"ಅಲ್ಲ ಕಣಣ್ಣ, ಅಲ್ಲಿ ಓದೋಕೆ ಬಂದೋರೆಲ್ಲ ಪಾಸಾಗಿ ಹೊರಗೆ ಹೋದ್ರು. ನೀನೊಬ್ಬನೇ ವರ್ಷಾ ವರ್ಷಾ ಅದೇ ಕ್ಲಾಸಲ್ಲಿ ಕೂತಿದ್ದೀಯಲ್ಲ, ಸ್ವಲ್ಪನಾದ್ರೂ ನಾಚ್ಕೆ ಬೇಡ್ವ?"

"ನಾನೇನು ಓದೋಕೆ ಹೋಗ್ತೀನೇನೆ?"

"ಮತ್ತೆ ಇನ್ನೇನು? ತಲೆ ಬಾಚಿ, ಇಸ್ತ್ರಿ ಅಂಗಿ ಹಾಕ್ಕೊಂಡು, ಜೇಬಲ್ಲಿ ಕರ್ಚೀಫ್ ಇಟ್ಕೊಂಡು ಯೂನಿವರ್ಸಿಟಿ ಬಸ್ ಹತ್ತೋರು ಇನ್ಯಾಕೆ ಹೋಗ್ತಾರೆ? ಹೆಗಲಿಗೊಂದು ಬ್ಯಾಗ್ ಹಾಕ್ಬಿಟ್ರೆ ಫಸ್ಟ್ ಇಯರ್ ಹುಡುಗ ಅಂತ ಕಂಡಕ್ಟರ್ ಪಾಸ್ ಕೇಳ್ತಾನೆ."

"ಇವತ್ತು ಡಿಗ್ರಿ ತಗೊಂಡೇ ಬರೋದು, ನೋಡ್ತಾ ಇರು. ಮೇಲೊಂದು ಸಾಲು, ಕೆಳಗೊಂದು ಸಾಲು. ಅಷ್ಟೇ ನನ್ನ ಡಿಗ್ರಿ."

ಹೀಗೆಂದು ಗಂಟೆಯಣ್ಣ ನಕ್ಕ. ಅವನು ನಗುವುದನ್ನು ನೋಡಬೇಕು! ಬಾಯಿ ಪೂರ್ತಿ ತೆರೆದು, ಕಣ್ಣು ಪೂರ್ತಿ ಮುಚ್ಚಿ, ಆಗ ತಾನೇ ತೊಟ್ಟಿಲಿನಿಂದ ಎದ್ದ ಮಗುವಿನ ಹಾಗೆ ಬರೀ ಒಸಡಿನಲ್ಲಿ ನಗುತ್ತಾನೆ. ಒಂದು ಹಲ್ಲಿಲ್ಲ ಅಂದರೆ ಒಂದೂ ಇಲ್ಲ. ಅವನ ತಂಗಿ ಮನೆ ಮುಂದೆಯೇ ಇಸ್ತ್ರಿ ಅಂಗಡಿ ಇಟ್ಟವಳು. ಅಣ್ಣನ ಅಂಗಿಯ ಕಾಲರ್ ಮೇಲೆ ನೀರು ಚಿಮುಕಿಸಿ, ಇಸ್ತ್ರಿಪೆಟ್ಟಿಗೆ ಒತ್ತಿ, ಉಸ್ ಎಂದು ಎದ್ದ ಹಬೆಯ ನಡುವೆಯೇ ಅವನನ್ನು ಆಡಿಕೊಳ್ಳುತ್ತಿದ್ದಳು. ಅಣ್ಣ ಬನಿಯನ್ನಿನಲ್ಲಿ ನಿಂತು, ಮೈಯೆಲ್ಲ ಅವಸರ ಮಾಡಿಕೊಂಡು, ಆ ಅಂಗಿಗಾಗಿ ಕಾಯುತ್ತಿದ್ದ. ಯಾಕೆ ಅಂದರೆ ಇವತ್ತು ಅವನ ಹಲ್ಲು ಸಿಗುವ ದಿನ! ಹಲ್ಲು ಸಿಕ್ಕರೆ ಕೆಲಸ ಸಿಕ್ಕ ಹಾಗೆ, ಕೆಲಸ ಸಿಕ್ಕರೆ ಮರ್ಯಾದೆ ಸಿಕ್ಕ ಹಾಗೆ.

ಅವನ ಕೆಲಸ ಏನು ಅಂತ ಹೇಳದಿದ್ದರೆ ಇದು ಯಾರಿಗೂ ಅರ್ಥವಾಗುವುದಿಲ್ಲ. ನಗರದ ದೊಡ್ಡ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು ಅವನು. ಮೈಕ್ ಇಲ್ಲ, ಕೊಂಬಿಲ್ಲ, ಒಂದು ಸಿಮೆಂಟ್ ಕಟ್ಟೆ ಹತ್ತಿ ನಿಂತು, ಹೊಟ್ಟೆಯಿಂದ ಎತ್ತಿ ಒಂದು ಕೂಗು ಹಾಕಿದನೆಂದರೆ ಕೊನೆಯ ಸಾಲಿನ ಲಾರಿಯಲ್ಲಿ ಮಲಗಿದ್ದ ಡ್ರೈವರ್ ಎದ್ದು ಗಾಡಿ ಸ್ಟಾರ್ಟ್ ಮಾಡಿಬಿಡುತ್ತಿದ್ದ. ಅದಕ್ಕೇ ಗಂಟೆ ಎಂಬ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ತಂಗಿಗೂ ಮರೆತುಹೋಗಿದೆ. ಆಮೇಲೆ ಒಸಡಿಗೆ ರೋಗ ಬಂತು. ಬಾಡಿಗೆಯವರು ಒಬ್ಬರ ಹಿಂದೆ ಒಬ್ಬರು ಮನೆ ಖಾಲಿ ಮಾಡಿದ ಹಾಗೆ ಹಲ್ಲುಗಳು ಹೊರಟುಹೋದವು. ಉಳಿದಿದ್ದ ಗಟ್ಟಿಯಿಲ್ಲದವನ್ನು ಯೂನಿವರ್ಸಿಟಿಯ ಹಲ್ಲಿನ ಕಾಲೇಜಿನವರು ಕಿತ್ತುಹಾಕಿದರು. ಗಂಟೆಯಣ್ಣ ಅದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ನುಂಗಿದರೆ ಹೊಟ್ಟೆಗೇನು ಗೊತ್ತಾಗುತ್ತದೆ?

ಆದರೆ ಅಂಕಿಗೆ ಗೊತ್ತಾಯಿತು. ಒಂದು ಬೆಳಿಗ್ಗೆ ಟೊಮೇಟೊ ಹರಾಜು ಜೋರಾಗಿ ಏರುತ್ತಿತ್ತು. ಗಂಟೆಯಣ್ಣ ಕೈ ಎತ್ತಿ "ತೊಂಬತ್ತು!" ಎಂದು ಕೂಗಲು ಹೋದ. ನಾಲಿಗೆ ಹಲ್ಲನ್ನು ಹುಡುಕಿಕೊಂಡು ಮುಂದೆ ಹೋಯಿತು, ಹಲ್ಲು ಸಿಗಲಿಲ್ಲ, ಜಾರಿತು. ಮಂಡಿಗೆಲ್ಲ ಕೇಳಿಸಿದ್ದು "ಒಂಬತ್ತು!"

"ಒಂಬತ್ತಕ್ಕೆ ನಂದೇ!" ಎಂದು ಸಣಕಲು ವ್ಯಾಪಾರಿಯೊಬ್ಬ ಎರಡೂ ಕೈ ಎತ್ತಿಬಿಟ್ಟ. "ಎಲ್ರೂ ಕೇಳಿಸ್ಕೊಂಡ್ರಲ್ಲ? ಗಂಟೆ ಹೊಡೆದ ಮೇಲೆ ಮಾತಿಲ್ಲ!"

ಮಂಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಟೊಮೇಟೊ ತಂದಿದ್ದ ರೈತನೊಬ್ಬ ನಗಲಿಲ್ಲ, ಕಟ್ಟೆಯ ಮೇಲಿದ್ದ ಗಂಟೆಯಣ್ಣ ನಗಲಿಲ್ಲ. ಅದೇ ದಿನ ಮಂಡಿ ಯಜಮಾನ ಅವನನ್ನು ಕಟ್ಟೆಯಿಂದ ಇಳಿಸಿ ತಕ್ಕಡಿಯ ಪಕ್ಕ ಕೂರಿಸಿದ. "ಹಲ್ಲು ಕಟ್ಟಿಸ್ಕೊಂಡು ಬಾ, ಕಟ್ಟೆ ನಿಂದೇ," ಎಂದ. ಆಮೇಲೆ ತನ್ನ ಅಳಿಯನ ಕೈಗೆ ಮೈಕ್ ಕೊಟ್ಟ. ಇತ್ತೀಚೆಗೆ ಅವನ ಮಾತೂ ಬದಲಾಗಿತ್ತು. "ಎಷ್ಟು ಅಂತ ಕಾಯೋದಪ್ಪ? ಈ ತಿಂಗಳು ನೋಡ್ತೀನಿ. ಆಮೇಲೆ ಅಳಿಯನ್ನೇ ಖಾಯಂ ಮಾಡ್ಬಿಡ್ತೀನಿ."

ಹಲ್ಲಿನ ಕಾಲೇಜಿನಲ್ಲಿ ಹಲ್ಲು ಕಟ್ಟುವುದಕ್ಕೆ ಕಾಸು ಕೊಡಬೇಕಿಲ್ಲ, ಆದರೆ ಕಟ್ಟುವವರು ಓದುವ ಹುಡುಗರು. ಅವರ ಪಾಡೂ ವಿಚಿತ್ರ! ಕೊನೆಯ ವರ್ಷದ ಪರೀಕ್ಷೆಗೆ ಪ್ರತಿಯೊಬ್ಬರೂ ಪುಸ್ತಕ, ಪೆನ್ನು ತಂದ ಹಾಗೆ ಒಂದೊಂದು ಬೊಚ್ಚುಬಾಯಿ ತರಬೇಕು. ಅಳತೆ ತೆಗೆದು, ಅಚ್ಚು ಹಾಕಿ, ಮೇಣದಲ್ಲಿ ಹಲ್ಲು ಕೂರಿಸಿ, ಅದನ್ನು ಆ ಬಾಯಿಯಲ್ಲಿಟ್ಟು ಪರೀಕ್ಷಕರಿಗೆ ತೋರಿಸಬೇಕು. ಬೊಚ್ಚುಬಾಯಿಗೆ ಅಂಥ ಬರ! ಪರೀಕ್ಷೆ ಹತ್ತಿರ ಬಂತೆಂದರೆ ಆ ಹುಡುಗ ಹುಡುಗಿಯರು ಬಸ್‌ಸ್ಟಾಂಡಿನಲ್ಲಿ, ಪಾರ್ಕಿನಲ್ಲಿ ಮುದುಕರು ಆಕಳಿಸುವುದನ್ನೇ ಕಾಯುತ್ತಾ ನಿಂತಿರುತ್ತಾರೆ. ಅದರಲ್ಲೂ ಗಂಟೆಯಣ್ಣನ ಬಾಯಿ ಎಂದರೆ ಚಿನ್ನ. ಒಸಡು ಎತ್ತರ, ಗಟ್ಟಿ, ಒಂದೇ ಸಮ. ವಿಭಾಗದ ದೊಡ್ಡ ಮೇಡಂ ಮೊದಲ ಸಲ ಬೆರಳಿಟ್ಟು ಒತ್ತಿ ನೋಡಿ "ಎಂಥ ಒಳ್ಳೇ ಬಾಯಿ!" ಎಂದಿದ್ದರು. ಗಂಟೆಯಣ್ಣ ಆ ಮಾತನ್ನು ಮನೆಗೆ ತಂದು ದಿನವೆಲ್ಲ ಮೆರೆಸಿದ.

"ಅಷ್ಟು ವರ್ಷ ಸಂಸಾರ ಮಾಡಿದ ಅತ್ತಿಗೆ ಒಂದು ದಿನಾನೂ ಆ ಮಾತು ಹೇಳ್ಲಿಲ್ಲ," ಎಂದಿದ್ದಳು ತಂಗಿ. "ಆ ಮೇಡಂ ಪಾಪ ನಿನ್ನ ಬೈಗುಳ ಕೇಳಿಲ್ಲ."

ಮೊದಲ ಬ್ಯಾಚಿನ ಕನ್ನಡಕದ ಹುಡುಗ ಪರೀಕ್ಷೆ ಮುಗಿಸಿ "ಲ್ಯಾಬ್ ರಿಪೇರಿ ತಾತ" ಎಂದು ಹೋದವನು ಮತ್ತೆ ಕಾಣಲಿಲ್ಲ. ಎರಡನೆಯ ಬ್ಯಾಚಿನವಳು ಮದುವೆಯಾಗಿ ಹೊರಟುಹೋದಳು. ಗಂಟೆಯಣ್ಣ ಹಣೆಬರಹ ಎಂದುಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ಅಲ್ಲಿಗೆ ಹೋಗುವುದೇ ಒಂದು ಹಬ್ಬವಾಗಿತ್ತು. ಅಗಲವಾದ ಗೇಟು, ಮೆಟ್ಟಿಲ ಮೇಲೆ ಕೂತು ಒಂದೇ ಲೋಟದ ಟೀಯನ್ನು ನಾಲ್ವರು ಕುಡಿಯುವ ಹುಡುಗರು, ಗೋಡೆಗೆ ಒರಗಿ ಪಾಠ ಉರು ಹೊಡೆಯುವ ಹುಡುಗಿಯರು, ಎಲ್ಲರೂ "ತಾತ, ತಾತ" ಎನ್ನುವುದು! ಇಂಟರ್ನಲ್ಸ್ ಅಂದರೇನು, ವೈವಾ ಅಂದರೇನು, ಯಾವ ಸರ್ ಮಾರ್ಕ್ಸ್‌ನಲ್ಲಿ ಜುಗ್ಗ, ಎಲ್ಲ ಅವನಿಗೆ ಗೊತ್ತು. ಇಷ್ಟು ದೊಡ್ಡ ನಗರದಲ್ಲಿ ತಕ್ಕಡಿ ಪಕ್ಕ ಕೂತವನನ್ನು ಕೇಳುವವರು ಯಾರು? ಇಲ್ಲಿ ಒಂದು ಯೂನಿವರ್ಸಿಟಿಗೇ ಅವನ ಬಾಯಿ ಬೇಕಾಗಿತ್ತು.

ಮೂರನೆಯ ಬ್ಯಾಚಿನಲ್ಲಿ ಬಂದವಳು ಅವಳು. ಮೊದಲ ದಿನ ಕುರ್ಚಿಯ ಪಕ್ಕ ನಿಂತು ಮಾಸ್ಕಿನೊಳಗೆ ಏನೋ ಅಂದಳು.

"ಏನಮ್ಮ?"

ಮತ್ತೆ ಏನೋ ಅಂದಳು.

"ಏನಂದೆ?"

ಅವಳು ಹೇಳುತ್ತಿದ್ದದ್ದು "ಬಾಯಿ ತೆಗೀರಿ" ಎಂದು. ಅದು ಕೊನೆಗೂ ಕೇಳಿಸಿದಾಗ ಗಂಟೆಯಣ್ಣ ಹೇಳಿದ, "ಮಗಳೇ, ನಂಗೆ ಹಲ್ಲಿಲ್ಲ ಸರಿ, ನಿಂಗೆ ಬಾಯೇ ಇಲ್ವಲ್ಲ!"

ಸಾಲಿನಲ್ಲಿದ್ದ ಕುರ್ಚಿಗಳೆಲ್ಲ ನಕ್ಕವು. ಅವಳೂ ನಕ್ಕಳು, ನಗುತ್ತಾ ನಗುತ್ತಾ ಮಾಸ್ಕ್ ಒದ್ದೆಯಾಯಿತು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ದೂರದ ಸಣ್ಣ ಊರಿನವಳು. ಇಲ್ಲಿ ಕ್ಲಾಸಿನಲ್ಲಿ ಉಳಿದವರೆಲ್ಲ ಮೈಕ್ ನುಂಗಿ ಹುಟ್ಟಿದವರ ಹಾಗೆ ಮಾತಾಡುತ್ತಾರೆ. ಇವಳಿಗೆ ಉತ್ತರ ಗೊತ್ತು, ಆದರೆ ವೈವಾದಲ್ಲಿ ಸರ್ "ಏನು?" ಎಂದು ತಲೆ ಎತ್ತಿದರೆ ಸಾಕು, ಹೊರಟ ಮಾತು ವಾಪಸು ಗಂಟಲಿಗೆ. ಒಮ್ಮೆ ಹಾಗೆಯೇ ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ ಅಪ್ಪ ಬಂದು ಟ್ರಂಕ್ ಸಮೇತ ಕರೆದುಕೊಂಡು ಹೋಗುವುದಾಗಿ ಹೇಳಿದ್ದ. ಗಂಟೆಯಣ್ಣ ಅವಳಿಗೆ ಪಿಸುಮಾತಮ್ಮ ಎಂದು ಹೆಸರಿಟ್ಟ. ಹೆಸರಿಟ್ಟ ಮೇಲೆ ಬಿಡಲಾದೀತೇ?

ಕಾಲೇಜಿನ ಹಿಂದೆ ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಮೆಟ್ಟಿಲಿತ್ತು. ಅಳತೆ ಕೆಲಸ ಮುಗಿದ ಮೇಲೆ ಅಲ್ಲಿ ಪಾಠ. ಡಾಕ್ಟರಿಗೆ ಪೇಷಂಟಿನ ಪಾಠ!

"ಟೊಮೇಟೊ ಮಾರು, ನೋಡೋಣ."

"ಟೊಮೇಟೊ..." ಎಂದಳು.

"ಹಿಂಗೆ ಮಾರಿದ್ರೆ ಸಂಜೆ ಹೊತ್ತಿಗೆ ಕೊಳೆತು ನಾರುತ್ತೆ ತಾಯಿ. ಗಂಟಲಿಂದ ಅಲ್ಲ, ಹೊಟ್ಟೆಯಿಂದ ತೆಗಿ. ಭುಜ ಎತ್ಬೇಡ. ಉಸಿರು ಕೆಳಗೆ ಇಳೀಲಿ. ಎದುರಿನ ಗೋಡೆಗೆ ಕಲ್ಲು ಹೊಡೆದ ಹಾಗೆ ಹೊಡಿ ಮಾತನ್ನ."

ಟೊಮೇಟೊ ಆಯಿತು, ಈರುಳ್ಳಿ ಆಯಿತು, ಆಮೇಲೆ ಅವಳ ಪಾಠವನ್ನೇ ಹರಾಜಿಗೆ ಹಾಕಿದರು. "ಕೆಳದವಡೆ! ಒಂದು ಸಲ! ಕೆಳದವಡೆ! ಎರಡು ಸಲ!" ಎಂದು ಒಂದು ಮಧ್ಯಾಹ್ನ ಅವಳು ಕೂಗಿದ ಕೂಗಿಗೆ ಸಜ್ಜಾದ ಮೇಲಿನ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು, ಮೇಲಿನ ಕಿಟಕಿಯಿಂದ ಯಾರೋ ಬೈದರು. ಇಬ್ಬರೂ ಮೆಟ್ಟಿಲ ಮೇಲೆ ಕುಸಿದು ಕೂತು ಉಸಿರುಗಟ್ಟುವಷ್ಟು ನಕ್ಕರು. ಆಗಲೇ ಅವಳು ಹೇಳಿದ್ದು: "ನೀವು ನಂಗೆ ಬಾಯಿ ಕೊಟ್ರಿ ತಾತ. ನಿಮಗೆ ಹಲ್ಲು ಕೊಟ್ಟೇ ನಾನು ಈ ಕಾಲೇಜು ಬಿಡೋದು. ನಮ್ಮಮ್ಮನಾಣೆ."

ಮೇಣದ ಹಲ್ಲು ಹಾಕಿ ನೋಡಿದ ದಿನವಂತೂ ಕೇಳಲೇಬೇಡಿ! ಗುಲಾಬಿ ಮೇಣದಲ್ಲಿ ಸಾಲಾಗಿ ಕೂರಿಸಿದ ಹಲ್ಲನ್ನು ಅವಳು ಮೆಲ್ಲಗೆ ಬಾಯಲ್ಲಿಟ್ಟಳು. ಕೈಗೆ ಕನ್ನಡಿ ಕೊಟ್ಟಳು. ಕನ್ನಡಿಯಲ್ಲಿದ್ದವನಿಗೆ ಕೆನ್ನೆ ಇತ್ತು, ತುಟಿ ಇತ್ತು, ಕಟ್ಟೆ ಹತ್ತಿ ನಿಲ್ಲುತ್ತಿದ್ದವನ ಗತ್ತಿತ್ತು.

"ಏನಾದ್ರೂ ಮಾತಾಡಿ ತಾತ."

ಗಂಟೆಯಣ್ಣ ಎಂಜಲು ನುಂಗಿದ. ನಾಲಿಗೆ ಮುಂದೆ ಹೋಯಿತು. ಹಲ್ಲು ಅಲ್ಲೇ ಇತ್ತು!

"ತೊಂಬತ್ತು," ಎಂದ. ಆಮೇಲೆ ಇನ್ನೂ ಜೋರಾಗಿ, "ತೊಂಬತ್ತು! ತೊಂಬತ್ತೊಂದು! ತೊಂಬತ್ತೆರಡು!"

ಪಕ್ಕದ ಕುರ್ಚಿಯವರು ಚಪ್ಪಾಳೆ ತಟ್ಟಿದರು. ಇನ್ನೂ ಸ್ವಲ್ಪ ಹೊತ್ತು ಇಟ್ಟುಕೊಳ್ಳಲೇ ಎಂದು ಮಕ್ಕಳ ಹಾಗೆ ಕೇಳಿದ. "ಬೇಡ ತಾತ, ಬಾಯಿ ಬಿಸಿಗೆ ಮೇಣ ಮೆತ್ತಗಾಗುತ್ತೆ. ಎಕ್ಸಾಂ ಆಗ್ಲಿ, ಲ್ಯಾಬಲ್ಲಿ ಗಟ್ಟಿ ಮಾಡಿಸಿ ಕೊಡ್ತೀನಿ," ಎಂದು ತೆಗೆದಳು. ಪರೀಕ್ಷೆಯ ದಿನ ಅವಳು ಉತ್ತರ ಹೇಳಿದ ರಭಸಕ್ಕೆ ಹೊರಗಿನಿಂದ ಬಂದ ಪರೀಕ್ಷಕರು ಕುರ್ಚಿ ಹಿಂದಕ್ಕೆ ಸರಿಸಿ "ಸ್ವಲ್ಪ ನಿಧಾನ ಕಣಮ್ಮ, ನಂಗೆ ಕಿವಿ ಚೆನ್ನಾಗಿದೆ," ಎಂದರು. ಗಂಟೆಯಣ್ಣ ಬಾಯಿ ತೆರೆದುಕೊಂಡೇ ಹೆಮ್ಮೆಪಟ್ಟ. ಬಾಯಿ ತೆರೆದು ಹೆಮ್ಮೆಪಡುವುದು ಸುಲಭವಲ್ಲ, ಯಾರಾದರೂ ಮಾಡಿ ನೋಡಲಿ. "ರಿಸಲ್ಟ್ ಬಂದ ಮೇಲೆ ಬನ್ನಿ ತಾತ," ಎಂದಿದ್ದಳು. ರಿಸಲ್ಟ್ ಬಂದಿತ್ತು. ಅವಳು ಪಾಸು. ಇವನು ಇಸ್ತ್ರಿಯ ಬಿಸಿ ಇನ್ನೂ ಆರದ ಅಂಗಿ ತೊಟ್ಟು ಹೊರಟಿದ್ದ.

ಗೇಟಿನಲ್ಲಿ ವಾಚ್‌ಮನ್ ಸಲಾಮು ಹೊಡೆದು "ಏನ್ ತಾತ, ಇನ್ನೊಂದು ವರ್ಷಾನಾ?" ಎಂದ. ಗಂಟೆಯಣ್ಣ ಅದನ್ನು ತಮಾಷೆ ಎಂದುಕೊಂಡು ಕೈ ಬೀಸಿ ಒಳಗೆ ಹೋದ. ಕ್ಲಿನಿಕ್‌ನ ಉದ್ದನೆಯ ಹಾಲಿನಲ್ಲಿ ಅದೇ ಲವಂಗದೆಣ್ಣೆಯ ವಾಸನೆ, ಅದೇ ಸುಣ್ಣದ ಪುಡಿ, ಅದೇ ಬಟ್ಟಲಲ್ಲಿ ತಿರುಗುವ ನೀರು. ಅವಳು ನಿಲ್ಲುತ್ತಿದ್ದ ಕುರ್ಚಿಯ ಪಕ್ಕ ಮಾತ್ರ ಉದ್ದ ಕತ್ತಿನ ಹುಡುಗನೊಬ್ಬ ಕೊಕ್ಕರೆಯ ಹಾಗೆ ಬಗ್ಗಿ ನಿಂತಿದ್ದ.

"ತಾತ! ಬಂದ್ರಾ? ಬನ್ನಿ ಬನ್ನಿ! ನಿಮ್ಮ ಬಗ್ಗೆ ಎಷ್ಟು ಕೇಳಿದ್ದೀನಿ ಗೊತ್ತಾ?"

"ನಮ್ಮ ಹುಡುಗಿ ಎಲ್ಲಪ್ಪ?"

"ಅಕ್ಕ ಪಾಸಾದ್ರಲ್ಲ, ಈಗ ಮೇಲಿನ ಮಹಡೀಲಿ ಹೌಸ್ ಸರ್ಜನ್. ನಿಮ್ಮನ್ನ ನಂಗೆ ಬಿಟ್ಟುಕೊಟ್ಟಿದ್ದಾರೆ."

"ಬಿಟ್ಟುಕೊಟ್ಟಿದ್ದಾರೆ ಅಂದ್ರೆ?"

"ಅಂದ್ರೆ... ನೀವೀಗ ನನ್ನ ಕೇಸ್ ತಾತ."

ಗಂಟೆಯಣ್ಣನಿಗೆ ಅರ್ಥವಾಗಲಿಲ್ಲ. ಇನ್ನೂ ನಗುತ್ತಲೇ ಇದ್ದ. "ಅದಿರ್ಲಿ ಬಿಡು. ನನ್ನ ಹಲ್ಲು ಕೊಡೋಕೆ ಹೇಳಿದ್ಲಾ?"

"ಇಲ್ಲೇ ಇದೆ!" ಎಂದು ಕೊಕ್ಕರೆ ಸಂಭ್ರಮದಿಂದ ಡ್ರಾಯರ್ ಎಳೆದು ಒಂದು ತಗಡಿನ ಡಬ್ಬಿ ತೆಗೆದು ಅಲ್ಲಾಡಿಸಿದ. ಒಳಗೆ ಗಲಗಲ ಸದ್ದಾಯಿತು. ಮುಚ್ಚಳ ತೆಗೆದರೆ ಹಲ್ಲುಗಳೇ ಹೌದು. ಆದರೆ ಸಾಲಿಲ್ಲ, ಒಸಡಿಲ್ಲ, ಚೆಲ್ಲಿದ ಕಾಳಿನ ಹಾಗೆ ಒಂದರ ಮೇಲೊಂದು ಬಿದ್ದಿದ್ದವು.

"ಇದೇನಪ್ಪ, ಬಿಡಿ ಬಿಡಿ?"

"ಬಿಸಿನೀರಲ್ಲಿ ಹಾಕಿ ಮೇಣ ಬಿಡಿಸ್ದೆ. ಮೊದಲಿಂದ ಶುರು ಮಾಡ್ಬೇಕಲ್ಲ ತಾತ. ಅಕ್ಕನೂ ಅವ್ರ ಸೀನಿಯರ್ ಹತ್ರ ಡಬ್ಬೀನ ಹಿಂಗೇ ಇಸ್ಕೊಂಡಿದ್ದು."

"ಮುಗಿಸಿ ಕೊಡೋದು ಯಾವಾಗ?"

ಕೊಕ್ಕರೆಗೆ ಸುಳ್ಳು ಹೇಳಲು ಇನ್ನೂ ಬರುತ್ತಿರಲಿಲ್ಲ. "ಮುಗಿಸಿಬಿಟ್ರೆ ಆಮೇಲೆ ಯಾರು ಬರ್ತಾರೆ ತಾತ?" ಎಂದ. "ಇಂಥ ಬಾಯಿನ ಯಾರಾದ್ರೂ ಮುಗಿಸ್ತಾರಾ? ಕೈಯಿಂದ ಕೈಗೆ ಬಂದಿರೋ ಬಾಯಿ ಇದು!"

ಗಂಟೆಯಣ್ಣ ಕುರ್ಚಿಯ ತುದಿಯಲ್ಲಿ ಕೂತ. ಲ್ಯಾಬ್ ರಿಪೇರಿ, ಮದುವೆ, ಹಣೆಬರಹ, ಎಲ್ಲ ಅವನ ಕಣ್ಣ ಮುಂದೆ ಒಂದೇ ಸಾಲಿನಲ್ಲಿ ಬಂದು ನಿಂತವು. ಆದರೂ ಅವಳು ಆಣೆ ಮಾಡಿದ್ದಳಲ್ಲ? ಅವಳಿಗೆ ಏನೋ ಕಷ್ಟ ಬಂದಿರಬೇಕು, ಈ ಹುಡುಗ ಕಾಡಿ ಬೇಡಿ ಇಸಿದುಕೊಂಡಿರಬೇಕು.

"ಅವಳು ಸುಮ್ನೆ ಕೊಟ್ಬಿಟ್ಲಾ ನನ್ನ?"

"ಸುಮ್ನೆ ಯಾರು ಕೊಡ್ತಾರೆ!" ಕೊಕ್ಕರೆ ನಕ್ಕ. "ಅಕ್ಕಂಗೆ ಮಕ್ಕಳ ವಿಭಾಗದ ಎಕ್ಸಾಂಗೆ ಹಾಲುಹಲ್ಲಿನ ಕೇಸ್ ಬೇಕಿತ್ತು, ಎಲ್ಲೂ ಸಿಗ್ಲಿಲ್ಲ. ನಮ್ಮ ಅತ್ತಿಗೆ ಮಕ್ಕಳು ಇಬ್ರು ಇದ್ದಾರೆ, ಚಾಕ್ಲೇಟ್ ತಿಂದೂ ತಿಂದೂ ಇಬ್ರಿಗೂ ಹುಳುಕು. ಕರ್ಕೊಂಡು ಬಂದು ಕೊಟ್ಟೆ. ಒಂದು ಬೊಚ್ಚುಬಾಯಿಗೆ ಎರಡು ಹಾಲುಹಲ್ಲು. ಎಲ್ರೂ ನಂಗೇ ಲಾಭ ಅಂದ್ರು ತಾತ!"

"ಯಾವಾಗ ಆಗಿದ್ದು ಇದು?"

"ಎಕ್ಸಾಂಗೆ ಮುಂಚೇನೇ. ಮೇಣದ ಹಲ್ಲು ಹಾಕಿ ನೋಡಿದ್ರಲ್ಲ, ನೀವು ತೊಂಬತ್ತು, ತೊಂಬತ್ತೊಂದು ಅಂತ ಕೂಗಿದ್ರಲ್ಲ, ಆಗ ನಾನು ಅಲ್ಲೇ ಹಿಂದೆ ನಿಂತಿದ್ದೆ. ನಿಮ್ಮನ್ನ ನೋಡೋಕೇ ಬಂದಿದ್ದು."

ಜೀವಮಾನವೆಲ್ಲ ಅವನು ಇನ್ನೊಬ್ಬರ ಮಾಲು ಮಾರಿದವನು. ಮಾಲಿಗೆ ತನ್ನ ಬೆಲೆ ಗೊತ್ತಾಗುವುದಿಲ್ಲ ಎಂಬ ಒಂದೇ ಧೈರ್ಯದಲ್ಲಿ ಮಂಡಿ ನಡೆಯುತ್ತದೆ. ಅಲ್ಲೂ ಒಂದು ನಿಯಮವಿದೆ: ಕೂಗದೆ ಮಾರುವಂತಿಲ್ಲ. ಹರಾಜು ಕೂಗದೆ ಹಿಂದಿನ ಬಾಗಿಲಲ್ಲಿ ಮಾಲು ದಾಟಿಸುವವನನ್ನು ಕಳ್ಳ ಎನ್ನುತ್ತಾರೆ, ತಕ್ಕಡಿ ಹಿಡಿಯುವವನೂ ಅವನ ಜೊತೆ ಟೀ ಕುಡಿಯು​ವುದಿಲ್ಲ. ಹಾಗಾದರೆ ಅವಳು ಕನ್ನಡಿ ಹಿಡಿದುಕೊಟ್ಟಾಗ, ಚಪ್ಪಾಳೆ ಬಿದ್ದಾಗ, "ಏನಾದ್ರೂ ಮಾತಾಡಿ ತಾತ" ಎಂದಾಗ, ಅವನು ಆಗಲೇ ಮಾರಾಟವಾಗಿದ್ದ. ಕೊಂಡವನು ಹಿಂದೆ ನಿಂತು ಮಾಲು ನೋಡುತ್ತಿದ್ದ.

ಡಬ್ಬಿಯನ್ನು ಕುರ್ಚಿಯ ಮೇಲಿಟ್ಟು ಮೆಟ್ಟಿಲು ಹತ್ತಿದ.

ಮೇಲಿನ ಮಹಡಿಯ ಹಾಲಿನಲ್ಲಿ ಜನ ತುಂಬಿದ್ದರು. ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಯಾರದೋ ಒಸಡು ಶುಚಿ ಮಾಡುತ್ತಿದ್ದಳು. ಹೊಸ ಕೋಟು, ಎದೆಯ ಮೇಲೆ ಹೊಸ ಹೆಸರಿನ ಬಿಲ್ಲೆ.

"ಮಗಳೇ," ಎಂದ.

ತಿರುಗಲಿಲ್ಲ.

"ಪಿಸುಮಾತಮ್ಮ."

ಪಕ್ಕದ ಕುರ್ಚಿಯ ಹೌಸ್ ಸರ್ಜನ್ ಒಬ್ಬಳು ಕಿಸಕ್ಕೆಂದಳು. ಅವಳು ತಿರುಗಿದಳು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು, ಆ ಕಣ್ಣು ಒಂದು ಕ್ಷಣ ಹಳೆಯ ಕಣ್ಣಾಯಿತು.

"ತಾತ, ಈಗ ಬೇಡ. ಆಮೇಲೆ ಬನ್ನಿ," ಎಂದಳು. ಅದೇ ಹಳೆಯ, ಕೇಳಿಸಿಯೂ ಕೇಳಿಸದ ದನಿ.

"ಒಂದೇ ಮಾತು ಕೇಳ್ತೀನಿ. ಎರಡು ಹಾಲುಹಲ್ಲಿಗಾ?"

"ಎಲ್ರೂ ಹಂಗೇ ಮಾಡೋದು ತಾತ... ನಂಗೂ ಸೀನಿಯರ್ ಹಂಗೇ ಕೊಟ್ಟಿದ್ದು. ನಾನು ಕೊಡ್ದೇ ಇದ್ರೆ ನಂಗೆ ಆ ಎಕ್ಸಾಂ..."

"ಅಮ್ಮನಾಣೆ ಮಾಡಿದ್ದೆ ಕಣಮ್ಮ."

ಅವನಿಗೆ ತಿಳಿಯದೆ ಮಾತು ಸ್ವಲ್ಪ ಏರಿತು. ಹಾಲಿನ ಆ ತುದಿಯಿಂದ ದೊಡ್ಡ ಡಾಕ್ಟರೊಬ್ಬರು ಕನ್ನಡಕ ಸರಿಸಿ "ಏನದು ಅಲ್ಲಿ ಗಲಾಟೆ?" ಎಂದರು. ಕುರ್ಚಿಗಳಲ್ಲಿ ಬಾಯಿ ತೆರೆದುಕೊಂಡಿದ್ದವರೆಲ್ಲ ಕಣ್ಣು ಹೊರಳಿಸಿ ನೋಡಿದರು. ಅವಳು ಒಮ್ಮೆ ಆ ಡಾಕ್ಟರನ್ನು ನೋಡಿದಳು, ಒಮ್ಮೆ ಇವನನ್ನು ನೋಡಿದಳು, ಉಸಿರೆಳೆದುಕೊಂಡಳು.

"ಹೊರಗಿನವರೆಲ್ಲ ಒಳಗೆ ಬರಬಾರ್ದು ಅಂತ ಗೊತ್ತಾಗಲ್ವ? ನೀವು ನಮ್ಮ ವಿಭಾಗದ ಪೇಷಂಟ್ ಅಲ್ಲ! ಹೊರಗೆ ಹೋಗ್ರಿ!"

ಏನು ಹೇಳುವುದು! ಮೊದಲು ಗಂಟೆಯಣ್ಣನ ಕಿವಿಗೆ ಸಂತೋಷವಾಯಿತು. ಭುಜ ಎತ್ತಿರಲಿಲ್ಲ, ಉಸಿರು ಕೆಳಗಿಳಿದಿತ್ತು, ಮಾತು ನೇರ ಎದುರಿನ ಗೋಡೆಗೆ ಹೋಗಿ ಬಡಿದಿತ್ತು, ಒಂದಕ್ಷರ ಸೋರಿರಲಿಲ್ಲ. ಭೇಷ್ ಎನ್ನಲು ಬಾಯಿ ತೆರೆದೂಬಿಟ್ಟ. ಆಮೇಲೆ, ತಡವಾಗಿ, ಆ ಕಲ್ಲು ಬಂದು ಬಿದ್ದದ್ದು ಎಲ್ಲಿಗೆ ಎಂಬುದು ಎದೆಗೆ ತಿಳಿಯಿತು.

ಬಾಯಿ ಮುಚ್ಚಿಕೊಂಡು ಇಳಿದ. ಕೆಳಗೆ ಕೊಕ್ಕರೆ ಕೈಯಲ್ಲಿ ಅಚ್ಚಿನ ತಟ್ಟೆ ಹಿಡಿದು ಓಡಿ ಬಂದ. "ಇವತ್ತು ಬೇಡ ಅಂದ್ರೆ ಮುಂದಿನ ವಾರ ಬನ್ನಿ ತಾತ, ಅಳತೆ ತಗೋತೀನಿ. ಬಸ್ಸಿಗೆ ನಾನೇ ಕೊಡ್ತೀನಿ, ಟೀನೂ ನಂದೇ!" ಗಂಟೆಯಣ್ಣ ತಲೆಯನ್ನು ಹೌದೆಂದೂ ಅಲ್ಲವೆಂದೂ ಅಲ್ಲಾಡಿಸಿ ಗೇಟು ದಾಟಿದ.

ತಂಗಿ ದೂರದಿಂದಲೇ ಕೂಗಿದಳು, "ಏನಪ್ಪ ಪದವೀಧರ, ಎಲ್ಲಿ, ಬಾಯಿ ತೋರಿಸು ನೋಡೋಣ!" ಹತ್ತಿರ ಬಂದವನ ಮುಖ ನೋಡಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಅವನು ಹೊಸಿಲ ಮೇಲೆ ಕೂತು ಎಲ್ಲ ಹೇಳಿದ. ಅವಳು ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ, ಇದು ಆ ಮನೆಯಲ್ಲಿ ಹಿಂದೆಂದೂ ಆಗಿರದ ಸಂಗತಿ. ಮುಗಿದ ಮೇಲೆ ಕೇಳಿದಳು:

"ಅಣ್ಣ, ಕಟ್ಟಿಸಿದ ಹಲ್ಲು ತೆಗೆದು ಲೋಟದಲ್ಲಿ ಇಡಬಹುದು ತಾನೆ?"

"ಹೂಂ. ಮಲಗೋವಾಗ ತೆಗೀಬೇಕಂತೆ."

"ಮತ್ತೆ? ಹಲ್ಲು ಮಾಡಿ ಕೊಟ್ಬಿಟ್ಟು, ಎಕ್ಸಾಂ ದಿನ ತೆಗೆದಿಟ್ಟು ಬನ್ನಿ ತಾತ ಅಂದಿದ್ರೆ ಆಗ್ತಿರ್ಲಿಲ್ವ? ಬಾಯಿ ಅದೇ ಬಾಯಿ ಅಲ್ವ? ಇಷ್ಟು ಓದಿರೋ ಅಷ್ಟೂ ಜನಕ್ಕೆ ಇದು ಹೊಳೀಲಿಲ್ವ?"

ರಸ್ತೆಯಲ್ಲಿ ಬಸ್ಸು ಹೋಯಿತು, ಯಾರೋ ಇಸ್ತ್ರಿ ಬಟ್ಟೆಯ ಗಂಟು ಇಟ್ಟು ಹೋದರು.

"ಹೊಳೆದಿರುತ್ತೆ ಕಣೆ," ಎಂದ ಕೊನೆಗೆ. "ಹಲ್ಲು ಬಂದ ಮೇಲೆ ನಾನು ಬರಲ್ಲ ಅಂದ್ಕೊಂಡಿದ್ದಾರೆ. ಕೈಗೆ ಸಿಕ್ಕ ಮೇಲೆ ಈ ಮುದುಕ ಯಾಕೆ ಬರ್ತಾನೆ ಅಂತ. ಅವಳೂ ಹಂಗೇ ಅಂದ್ಕೊಂಡ್ಲು ನೋಡು. ಅವಳು ಕರೆದಿದ್ರೆ ನಾನು ಬರ್ತಿರ್ಲಿಲ್ವೇನೆ? ಕಟ್ಟೆ ಮೇಲೆ ಹರಾಜು ಅರ್ಧಕ್ಕೆ ನಿಲ್ಲಿಸಿ ಬರ್ತಿದ್ದೆ."

ತಂಗಿ ಅವನ ಕಡೆ ನೋಡದೆ ಗಂಟು ಬಿಚ್ಚಿ ಬಟ್ಟೆ ಬೇರೆ ಮಾಡತೊಡಗಿದಳು.

"ಬೇರೆ ಕಡೆ ಕಟ್ಟಿಸೋಣ."

"ಬೇರೆ ಕಡೆ ನಮ್ಮ ಕೈಗೆ ಎಟಕಲ್ಲ. ತಿಂಗಳು ಮುಗಿಯೋದ್ರೊಳಗೆ ಹಲ್ಲು ಬೇಕು."

"ಹಂಗಿದ್ರೆ ನಿನ್ನ ಬಾಯಿ ಒಳ್ಳೇದು ಅಂದ ಆ ಮಹಾತಾಯಿ, ದೊಡ್ಡ ಮೇಡಂ, ಅವರು ಯಾವಾಗ ಕೂರ್ತಾರೆ?"

"ಸೋಮವಾರ ಬೆಳಿಗ್ಗೆ. ಆದ್ರೆ ಮೇಡಂ ಕೇಳಿದ್ರೆ ಅವಳ ಹೆಸರು ಹೇಳ್ಬೇಕಾಗುತ್ತೆ. ಅವಳಿಗೆ ಏನಾದ್ರೂ..."

"ಅಯ್ಯೋ ನಿನ್ನ!" ಎಂದು ತಂಗಿ ಒಂದು ಅಂಗಿಯನ್ನು ಪಟ್ಟೆಂದು ಕೊಡವಿದಳು. "ಇನ್ನೂ ಅವಳ ಚಿಂತೆನಾ? ಹೊರಗೆ ಹೋಗ್ರಿ ಅಂದವಳು!"

ಗಂಟೆಯಣ್ಣ ಒಸಡಿನ ಮೇಲೆ ನಾಲಿಗೆ ಆಡಿಸಿದ. ಮೇಲೆ ಒಂದು ಸಲ, ಕೆಳಗೆ ಒಂದು ಸಲ.

"ಹೆಸರು ಹೇಳಲ್ಲ," ಎಂದ. "ಹಲ್ಲು ಮಾತ್ರ ಕೇಳ್ತೀನಿ. ಮೇಲಿನ ಮಹಡಿಗೆ ಹತ್ತೋದೂ ಇಲ್ಲ, ಅವಳು ಎದುರಿಗೆ ಸಿಕ್ರೆ ಮಾತೂ ಆಡಲ್ಲ."

"ಆಯ್ತು. ಮುಂದಿನ ಸೋಮವಾರ ಅಂಗಡಿ ಮುಚ್ಚಿ ನಾನೂ ಬರ್ತೀನಿ," ಎಂದಳು ತಂಗಿ. "ನೀನು ಬಾಯಿ ಮುಚ್ಕೊಂಡು ಪಕ್ಕದಲ್ಲಿ ಕೂತಿರು. ಮೇಡಂ ಹತ್ರ ಮಾತಾಡೋದು ನಾನು."